ಹೊಸಗಣ್ಣು

ಹಾಸ್ಟೆಲಿನ ಕೋಣೆಯಲ್ಲಿ ನಾನು ಟ್ರಂಕು ಇಳಿಸಿದ ದಿನ, ನನ್ನ ಹೆಸರು ಕೇಳುವುದಕ್ಕೂ ಮೊದಲು ರೆಹಮತ್ ಕೇಳಿದ್ದು, “ಮೀನುಮನೆ ನೋಡಿದ್ದೀಯಾ?” ಎಂದು.

ಇಲ್ಲ ಎಂದೆ.

“ತಾರಾಲಯ? ಗಡಿಯಾರದ ಗೋಪುರ? ಹಾಡಿನಮನೆ? ತೂಗುದೀಪದ ತೋಟ?”

ಒಂದೊಂದಕ್ಕೂ ಇಲ್ಲ ಎನ್ನುತ್ತ ಹೋದೆ. ಸಣ್ಣ ಊರಿನಿಂದ ಬಂದವಳು, ನನಗೆ ನಾಚಿಕೆ ಏರುತ್ತಿತ್ತು. ಅವಳ ಮುಖ ಮಾತ್ರ ಅರಳುತ್ತಿತ್ತು. ಕೊನೆಗೆ ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದಳು.

“ಇದನ್ನ ಯಾರ ಹತ್ರಾನೂ ಬಾಯಿ ಬಿಡಬೇಡ,” ಎಂದಳು ಮೆಲ್ಲಗೆ. “ಮೆಸ್ಸಿನಲ್ಲಿ ಸೀನಿಯರ್‌ಗಳು ಕೇಳಿದ್ರೆ ಎಲ್ಲಾ ನೋಡಿ ಆಗಿದೆ ಅನ್ನು. ಇಲ್ಲದಿದ್ರೆ ನಾಳೆ ಸಂಜೆಯೊಳಗೆ ನಿನ್ನ ಎರಡೂ ಕೈ ಯಾರದೋ ಪಾಲಾಗಿರುತ್ತೆ. ಅಂದಹಾಗೆ ನಿನ್ನ ಹೆಸರೇನು?”

ಮಹಾನಂದಾ, ಮನೆಯಲ್ಲಿ ನಂದಾ ಅನ್ನುತ್ತಾರೆ ಎಂದೆ.

ಆ ಊರಿನಲ್ಲಿ ನೋಡುವಂಥ ಜಾಗಗಳಿಗೆಲ್ಲ ಒಂದೊಂದು ದೊಡ್ಡ ಬಾಗಿಲು. ಅದುವರೆಗೆ ಆ ಜಾಗವನ್ನು ನೋಡದವರು ಎದುರಿಗೆ ಹೋಗಿ ನಿಂತರೆ ಬಾಗಿಲು ತಾನಾಗಿಯೇ ತೆರೆಯುತ್ತಿತ್ತು. ಅವರ ಒಂದೊಂದು ಕೈ ಹಿಡಿದುಕೊಂಡ ಇಬ್ಬರು ಜೊತೆಗೆ ಒಳಗೆ ಹೋಗಬಹುದಿತ್ತು. ಒಮ್ಮೆ ನೋಡಿದವರಿಗೆ ಮತ್ತೆ ತೆರೆಯುತ್ತಿರಲಿಲ್ಲ. ಅವರು ಪಕ್ಕದ ಕಿಂಡಿಯಲ್ಲಿ ಟಿಕೆಟು ಕೊಂಡು ಸಣ್ಣ ಬಾಗಿಲಿನಿಂದ ಹೋಗಬೇಕು. ಆ ಟಿಕೆಟಿನ ಬೆಲೆ ಕೇಳಿದರೆ ನಮ್ಮಂಥವರು ಕಿಂಡಿಯ ಮುಂದೆ ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ. ಮೊದಲ ಸಲ ನೋಡುವವರಿಗೆ ಊರಿನಲ್ಲಿ ಹೊಸಗಣ್ಣಿನವರು ಎಂದು ಹೆಸರು. ನಾನು ಬಂದಾಗ ನನ್ನದು ಇಡೀ ಊರಿಗೇ ಹೊಸಗಣ್ಣು. ಹಸಿದವರ ಮನೆಗೆ ಹಣ್ಣಿನ ಬುಟ್ಟಿ ಬಂದಂತೆ ನಾನು ರೆಹಮತಳ ಕೋಣೆಗೆ ಬಂದಿದ್ದೆ.

ಊರಿನವರು ಇದಕ್ಕೆ ಒಗ್ಗಿಕೊಂಡಿದ್ದ ರೀತಿ ನೋಡಿದರೆ ಮೊದಮೊದಲು ನಗು ಬರುತ್ತಿತ್ತು. ರೈಲ್ವೆ ಸ್ಟೇಷನ್ನಿನಲ್ಲಿ ಹಳ್ಳಿಯವರು ಇಳಿದರೆ ಸಾಕು, “ಮೊದಲ ಸಲ ಬರ್ತಿರೋದಾ ಅಜ್ಜಾ?” ಎಂದು ಚಹಾ ಕುಡಿಸುವವರು ನಾಲ್ಕು ಜನ ಸುತ್ತುವರಿಯುತ್ತಿದ್ದರು. ಹೆಣ್ಣು ನೋಡಲು ಹೋದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವ ಮೊದಲು ತೂಗುದೀಪದ ತೋಟ ನೋಡಿದ್ದಾಳೆಯೇ ಎಂದು ಕೇಳುತ್ತಿದ್ದರು. ಗಂಡು ಹೆಣ್ಣು ಇಬ್ಬರೂ ನೋಡಿರದಿದ್ದರೆ ಮದುವೆಯ ಮರುಸಂಜೆ ಎರಡೂ ಕಡೆಯ ತಂದೆತಾಯಿಗಳು ಅವರ ಕೈಹಿಡಿದು ಪುಕ್ಕಟೆಯಾಗಿ ತೋಟ ಸುತ್ತಿ ಬರುತ್ತಿದ್ದರು. ನೋಡಿಯೂ ನೋಡಿಲ್ಲವೆಂದು ಬಾಗಿಲ ಮುಂದೆ ಬಂದು ನಿಲ್ಲುವ ಭಂಡರೂ ಇದ್ದರು. ಅವರನ್ನು ಕಳ್ಳಗಣ್ಣು ಎಂದು ಸಾಲಿನಲ್ಲಿದ್ದವರು ಕೂಗಿ ಓಡಿಸುತ್ತಿದ್ದರು.

ರೆಹಮತ್ ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದಳು. ಲೆಕ್ಕಾಚಾರದ ಹುಡುಗಿ. ನನ್ನ ಬಲಗೈ ಅವಳಿಗೆ ಮೀಸಲು, ಎಡಗೈ ಹಿಡಿದವರು ಆ ಸಂಜೆ ನಮ್ಮಿಬ್ಬರಿಗೂ ಊಟ ಕೊಡಿಸಬೇಕು ಎಂದು ಅವಳೇ ಕರಾರು ಮಾಡಿದಳು. ಹೀಗೆ ನನ್ನ ಎಡಗೈಯ ಪುಣ್ಯದಿಂದ ನಾವು ಊರು ನೋಡಿದೆವು, ಊಟವನ್ನೂ ಮಾಡಿದೆವು. ಮೀನುಮನೆಯಲ್ಲಿ ತಲೆಯ ಮೇಲೆ ಈಜುವ ಅಷ್ಟಗಲದ ಮೀನೊಂದರ ಬಿಳಿ ಹೊಟ್ಟೆ ನೋಡುತ್ತ ನಿಂತವಳನ್ನು ರೆಹಮತ್ ಎಳೆದುಕೊಂಡೇ ಹೊರಗೆ ಬರಬೇಕಾಯಿತು. ತಾರಾಲಯದಲ್ಲಿ ದೀಪ ಆರಿಸಿದ ಕೂಡಲೇ ನಾನು ನಿದ್ದೆ ಹೋದೆ. ಎಡಗೈ ಹಿಡಿದು ಬಂದಿದ್ದ ಯತಿರಾಜ ಎಂಬ ಸೀನಿಯರ್ ಹುಡುಗ, “ಇವಳಿಗೆ ಕಣ್ಣು ಹೊಸದು, ಆದರೆ ಬಿಡೋದೇ ಇಲ್ಲ” ಎಂದು ವರ್ಷವಿಡೀ ಹಂಗಿಸಿದ.

ಕೈಹಿಡಿಯುವವರು ಸಿಗದ ಸಂಜೆಗಳಲ್ಲಿ ಬಾಗಿಲೇ ಇಲ್ಲದ ಜಾಗಗಳಿಗೆ ಹೋಗುತ್ತಿದ್ದೆವು. ಸೇತುವೆಯಾಚೆಯ ಇರುಳು ಸಂತೆಯಲ್ಲಿ ಅಂಗಡಿಯವರು ತಾಡಪಾಲು ಮುಚ್ಚುವ ಹೊತ್ತಿಗೆ ಹೋದರೆ ಉಳಿದ ಮಿರ್ಚಿ ಭಜಿಯನ್ನು ಅರ್ಧಕ್ಕೆ ಕೊಡುತ್ತಿದ್ದರು, ಚುರುಮುರಿಯಂತೂ ಕೇಳಿದಷ್ಟು. ಟ್ರಾಮಿನ ಹಿಂದಿನ ಡಬ್ಬಿಗೆ ಚೀಟಿ ಅಗ್ಗ. ಗ್ರಂಥಾಲಯದ ಮಾಳಿಗೆಯ ಮೇಲೆ ಬುಧವಾರ ಕವಿಗಳು ಓದುತ್ತಿದ್ದರು. ಕೇಳಲು ಬಂದವರಿಗೆ ಉಪ್ಪಿಟ್ಟು ಕೊಡುತ್ತಿದ್ದುದರಿಂದ ನಾವು ಒಂದು ಬುಧವಾರವನ್ನೂ ತಪ್ಪಿಸಿದವರಲ್ಲ. ನಮ್ಮೂರಿನಲ್ಲಿ ದೀಪ ಹಚ್ಚಿದ ಮೇಲೆ ಹುಡುಗಿಯರಿಗೆ ಹೊಸ್ತಿಲೇ ಗಡಿ. ಇಲ್ಲಿ ದೀಪ ಹಚ್ಚಿದ ಮೇಲೆಯೇ ಊರು ಶುರುವಾಗುತ್ತಿತ್ತು. ಜನರ ನಡುವೆ, ಬೆಳಕಿನ ನಡುವೆ, ಯಾರ ಅಪ್ಪಣೆಯೂ ಇಲ್ಲದೆ ನಡೆಯುತ್ತ ಹೋಗುವುದು ಎಂಥ ಸುಖ ಎಂದು ಅದುವರೆಗೆ ನನಗೆ ಗೊತ್ತಿರಲಿಲ್ಲ.

ದೀಪಾವಳಿಯ ಹೊತ್ತಿಗೆ ನನ್ನ ಹೊಸಗಣ್ಣು ಹೆಚ್ಚುಕಡಿಮೆ ಖರ್ಚಾಗಿತ್ತು. ಕೊನೆಗೆ ಉಳಿಸಿಕೊಂಡಿದ್ದು ತೂಗುದೀಪದ ತೋಟ. ಹೊಳೆಯ ದಂಡೆಯಲ್ಲಿ ಆಕಾಶಕ್ಕೆ ತಾಗುವಂಥ ಹಳೆಯ ಮರಗಳು. ಸಂಜೆಯಾದಂತೆ ಅವುಗಳ ಕೊಂಬೆಗಳಿಂದ ಹಗ್ಗದಲ್ಲಿ ಒಂದೊಂದಾಗಿ ದೀಪಗಳು ಇಳಿಯುತ್ತ ನಮ್ಮ ತಲೆಗೆ ತಾಗುವಷ್ಟು ಕೆಳಗೆ ಬಂದು ನಿಲ್ಲುತ್ತವೆ. ಅವುಗಳ ನಡುವೆ ದಾರಿ ಬಿಡಿಸಿಕೊಂಡು ನಡೆಯಬೇಕು. ಅಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಅದನ್ನು ನೋಡುತ್ತ ನನಗೆ ಅವ್ವನ ನೆನಪಾಯಿತು. ಜಂಪರ್ ಹೊಲಿಯುತ್ತ, ಸಂಜೆ ಮಬ್ಬಾದ ಮೇಲೂ ದೀಪ ಹಚ್ಚದೆ ಸೂಜಿಗೆ ದಾರ ಪೋಣಿಸುವ ಅವ್ವ. ಅವಳೊಂದು ಸಲ ಇದನ್ನು ನೋಡಬೇಕು ಅಂದುಕೊಂಡೆ.

ಅವಳು ಬಂದಳು, ಆದರೆ ನಾನು ಅಂದುಕೊಂಡಂತೆ ಅಲ್ಲ.

ನಮ್ಮ ದೊಡ್ಡಪ್ಪನಿಗೆ ಎಣ್ಣೆ ಗಾಣವಿತ್ತು. ಗಾಣದ ಯಾವುದೋ ಸಾಮಾನು ತರಲು ಆ ಊರಿಗೆ ಬಂದವನು ಒಂದು ಸಂಜೆ ಹಾಡಿನಮನೆಯ ಓಣಿಯಲ್ಲಿ ನನ್ನನ್ನು ಕಂಡ. ಆಟ ಬಿಟ್ಟಿತ್ತು. ನಾನು, ರೆಹಮತ್, ಯತಿರಾಜ, ನಮ್ಮನ್ನು ಕೈಹಿಡಿದು ಒಳಗೆ ಕರೆದೊಯ್ದಿದ್ದ ಹೊಸಗಣ್ಣಿನ ಮತ್ತಿಬ್ಬರು ಆಗಷ್ಟೇ ಕೇಳಿದ ಹಾಡನ್ನು ಗಟ್ಟಿಯಾಗಿ ಹೇಳುತ್ತ, ಚಪ್ಪಾಳೆ ಹೊಡೆಯುತ್ತ ಹೊರಗೆ ಬರುತ್ತಿದ್ದೆವು. ಎದುರಿನ ಪಾನಂಗಡಿಯ ಬೆಳಕಿನಲ್ಲಿ ದೊಡ್ಡಪ್ಪನ ಮುಖ ಕಂಡು ನನ್ನ ಹಾಡು ಅರ್ಧಕ್ಕೆ ನಿಂತಿತು. ಅವನು ಎಲೆಯಡಿಕೆ ಉಗುಳಿ, ತಿರುಗಿ ಹೊರಟುಹೋದ.

ಮರುವಾರ ಅವ್ವನ ಫೋನು ಬಂತು. “ನಾಳೆ ಬರಾಕತ್ತೀನಿ” ಎಂದಳು. ಯಾಕೆ ಎಂದು ಕೇಳುವಷ್ಟರಲ್ಲಿ ಇಟ್ಟುಬಿಟ್ಟಳು.

ಸ್ಟೇಷನ್ನಿನಲ್ಲಿ ಅವಳು ಇಳಿದಾಗ ನಾನು ಮೊದಲು ನೋಡಿದ್ದು ಅವಳ ಕೈಯಲ್ಲಿದ್ದ ಚೀಲವನ್ನು. ದೊಡ್ಡ ಚೀಲ, ಒಳಗೆ ಏನೂ ಇರಲಿಲ್ಲ. ನನ್ನ ಸಾಮಾನು ತುಂಬಿಕೊಂಡು ಹೋಗಲು ತಂದದ್ದೆಂದು ಹೇಳಿಕೊಡಬೇಕಿರಲಿಲ್ಲ. ಚಹಾ ಕುಡಿಸುವವರು ಅವಳನ್ನೂ ಮುತ್ತಿದರು. ಅವ್ವ ಸೆರಗು ಬಿಗಿ ಮಾಡಿಕೊಂಡು, ಯಾರ ಮುಖವನ್ನೂ ನೋಡದೆ, ಗುಂಪು ಸೀಳಿಕೊಂಡು ಟ್ರಾಮಿನ ಹಿಂದಿನ ಡಬ್ಬಿ ಹತ್ತಿ ಕೂತಳು. ಸಿಟ್ಟಿನಲ್ಲಿದ್ದಾಳೆ, ಕಣ್ಣಿಗೆ ಕಂಡದ್ದನ್ನು ಹತ್ತಿದ್ದಾಳೆ ಎಂದುಕೊಂಡೆ.

ಕೋಣೆಗೆ ಬಂದು ನೀರು ಕುಡಿದವಳೇ, “ಸಾಮಾನು ಕಟ್ಟು. ನಾಳೆ ಮುಂಜಾನಿ ಗಾಡಿಗೆ ಹೋಗೂಣು,” ಎಂದಳು.

“ಪರೀಕ್ಷೆ ಅದಾವವ್ವಾ.”

“ಇರ್ಲಿ.”

“ನಾ ಏನ ತಪ್ಪ ಮಾಡೀನಿ? ಹಾಡ ಕೇಳಾಕ ಹೋಗಿದ್ದೆ. ಅಷ್ಟs.”

“ತಪ್ಪ ಮಾಡಿ ಅಂತ ನಾ ಅಂದೆನೇನ?” ಅವ್ವನ ಕಣ್ಣು ನನ್ನ ಮೇಜಿನ ಮೇಲಿತ್ತು, ಪುಸ್ತಕಗಳ ಮೇಲಿತ್ತು, ಕಿಟಕಿಯ ಹೊರಗಿತ್ತು, ನನ್ನ ಮೇಲೆ ಮಾತ್ರ ಇರಲಿಲ್ಲ. “ನಿಮ್ಮ ದೊಡ್ಡಪ್ಪ ಕಟ್ಟಿ ಮ್ಯಾಲ ಕುಂತು ಇಡೀ ಓಣಿಗೆ ಹೇಳ್ಯಾನ. ತಾನs ಬಂದು ಎಳಕೊಂಡು ಬರ್ತೀನಿ ಅಂತ ನಿಂತಿದ್ದ. ಬ್ಯಾಡ, ನಾನs ಹೋಗಿ ಕರ್ಕೊಂಡು ಬರ್ತೀನಿ ಅಂತ ಹೇಳಿ ಬಂದೀನಿ.”

ನನಗೆ ಅಳು ಬಂತು. ಅತ್ತರೆ ಅವ್ವ ಕರಗುವವಳಲ್ಲ; ಅದೂ ಗೊತ್ತಿತ್ತು. ರೆಹಮತ್ ಅಲ್ಲಿಯೇ ಮೂಲೆಯಲ್ಲಿ ಬಟ್ಟೆ ಮಡಿಚುತ್ತಿದ್ದವಳು ಎದ್ದು ಬಂದು ಅವ್ವನ ಪಕ್ಕ ಕೂತಳು.

“ಅಮ್ಮಾ, ನಾಳೆ ಹೋಗೋದು ಇದ್ದೇ ಇದೆ. ಇವತ್ತೊಂದು ಸಂಜೆ ನಮ್ಮ ಜೊತೆ ಬನ್ನಿ. ಇಷ್ಟು ದೂರ ಬಂದು ತೂಗುದೀಪದ ತೋಟ ನೋಡದೆ ಹೋಗ್ತಾರಾ ಯಾರಾದ್ರೂ? ನಿಮಗೆ ಪುಕ್ಕಟೆ, ನಿಮ್ಮ ಕೈ ಹಿಡಿದ್ರೆ ನಮಗೂ ಪುಕ್ಕಟೆ.”

“ನಂಗ ಬ್ಯಾಡವ್ವಾ ಅದೆಲ್ಲ.”

“ಒಂದೇ ಸಲ, ಅಮ್ಮಾ.”

“ಬ್ಯಾಡಂದ್ನೆಲ್ಲ.”

ನಾನು ಕಣ್ಣೊರೆಸಿಕೊಂಡು ಅವಳ ಮುಂದೆ ಕೂತೆ. ನನ್ನ ಆಸೆ ಇಷ್ಟೇ: ಆ ದೀಪಗಳ ನಡುವೆ ಒಂದು ಸಲ ನಡೆದಾಡಿದರೆ, ನಾನು ಇಲ್ಲಿ ಏನು ಕಂಡೆ, ಯಾಕೆ ಇಲ್ಲಿರಬೇಕು ಅನ್ನುತ್ತೇನೆ ಎಂದು ಅವಳಿಗೆ ತಿಳಿದೀತು. ಮಾತಿನಲ್ಲಿ ಹೇಳಲು ನನಗೆ ಬರುತ್ತಿರಲಿಲ್ಲ. “ನೀ ನೋಡಿದ ಮ್ಯಾಲೂ ಬಾ ಅಂದ್ರ ಬರ್ತೀನಿ. ಒಂದ ಮಾತ ಎದುರಾಡೂದಿಲ್ಲ,” ಎಂದೆ.

ಅವ್ವ ಖಾಲಿ ಚೀಲವನ್ನು ಮಂಚದ ಮೇಲೆ ಇಟ್ಟಳು. ಆಮೇಲೆ ಕನ್ನಡಿಯ ಮುಂದೆ ಹೋಗಿ, ತಲೆಗೆ ನೀರು ಸವರಿಕೊಂಡು, ಹೆರಳನ್ನು ಬಿಚ್ಚಿ ಮತ್ತೆ ಹಾಕಿಕೊಂಡಳು.

ತೋಟದ ಬಾಗಿಲ ಮುಂದೆ ಅವತ್ತು ಉದ್ದದ ಸಾಲಿತ್ತು. ನಮ್ಮ ಸರದಿ ಬಂದಾಗ ನಾನು ಅವ್ವನ ಬಲಗೈ ಹಿಡಿದೆ, ರೆಹಮತ್ ಎಡಗೈ. ಅವ್ವನ ಅಂಗೈ ಬೆವತು ತಣ್ಣಗಾಗಿತ್ತು. ಮೂವರೂ ಮುಂದೆ ಹೋಗಿ ನಿಂತೆವು.

ಬಾಗಿಲು ಅಲುಗಲಿಲ್ಲ.

“ಇನ್ನೊಂಚೂರು ಮುಂದೆ ಬನ್ನಿ,” ಎಂದ ಕಾವಲಿನವನು. ಇನ್ನೊಂದು ಹೆಜ್ಜೆ ಇಟ್ಟೆವು. ಬಾಗಿಲು ಹಾಗೆಯೇ ಇತ್ತು. ಕಾವಲಿನವನು ಅವ್ವನ ಮುಖ ನೋಡಿ, “ಅಮ್ಮಾ, ನೀವು ನೋಡಿದ್ದೀರಿ. ಟಿಕೆಟು ಆ ಕಡೆ,” ಎಂದು ಕೈ ತೋರಿಸಿದ.

ಹಿಂದಿನಿಂದ ಯಾರೋ, “ಕಳ್ಳಗಣ್ಣು!” ಎಂದರು. ಮತ್ತಿಬ್ಬರು ಅದನ್ನೇ ಕೂಗಿದರು. ನನಗೆ ಮೈಯೆಲ್ಲ ಉರಿದುಹೋಯಿತು.

“ನಮ್ಮವ್ವ ಈ ಊರಿಗೆ ಕಾಲs ಇಟ್ಟಿಲ್ಲ!” ಎಂದು ತಿರುಗಿ ನಿಂತು ಕಿರುಚಿದೆ. “ಇವತ್ತs ಮೊದಲ ಸಲ ಬಂದಾಳ. ನಿಮ್ಮ ಬಾಗಿಲs ಕೆಟ್ಟೈತಿ!”

ಆ ಹೊತ್ತಿಗೆ ಹೆಗಲ ಮೇಲೆ ಟವೆಲು ಹಾಕಿಕೊಂಡ ಒಬ್ಬ ಮುದುಕ, ನಮ್ಮ ಜಗಳ ತನಗೆ ಸಂಬಂಧಿಸಿದ್ದಲ್ಲ ಎನ್ನುವಂತೆ ಪಕ್ಕದಿಂದ ಮುಂದೆ ಬಂದ. ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಅವನು ಒಳಗೆ ಹೋದ, ಅವನ ಕೈ ಹಿಡಿದಿದ್ದ ಇಬ್ಬರು ಹುಡುಗರೂ ಹೋದರು, ಬಾಗಿಲು ಮುಚ್ಚಿತು. ಯಾರೂ ಕೂಗಲಿಲ್ಲ ಈಗ. ಎಲ್ಲರೂ ಅವ್ವನನ್ನು ನೋಡುತ್ತಿದ್ದರು. ನಾನೂ ನೋಡಿದೆ.

ಅವ್ವ ತನ್ನ ಎರಡೂ ಕೈಗಳನ್ನು ನಮ್ಮಿಂದ ಬಿಡಿಸಿಕೊಂಡು ಸಾಲಿನಿಂದ ಹೊರಗೆ ನಡೆದಳು.

ರೆಹಮತ್ ಒಳ್ಳೆಯ ಹುಡುಗಿ. “ನಾನು ಸಂತೆ ಕಡೆ ಹೋಗಿರ್ತೀನಿ, ಕೋಣೆಯಲ್ಲಿ ಸಿಗ್ತೀನಿ,” ಎಂದು ನನ್ನ ಭುಜ ಮುಟ್ಟಿ ಹೋದಳು. ನಾನು ಅವ್ವನ ಹಿಂದೆ ಹೋದೆ. ಅವಳು ತೋಟದ ಗೋಡೆಗುಂಟ ನಡೆದು, ನಾನು ಇಷ್ಟು ತಿಂಗಳಲ್ಲಿ ಒಮ್ಮೆಯೂ ಹೊಕ್ಕಿರದ ಒಂದು ಸಂದಿಯೊಳಗೆ ತಿರುಗಿದಳು. ಅಲ್ಲಿಂದ ಒಂದು ಮರದ ಕಾಲುಸೇತುವೆ. ಅದನ್ನು ದಾಟಿದರೆ ಹೊಳೆಯ ಆಚೆ ದಂಡೆ. ಅಗಸರು ಬಟ್ಟೆ ಒಗೆಯುವ ಕಲ್ಲುಗಳ ಸಾಲು. ಒಗೆದ ನೀರು ಇನ್ನೂ ಒಣಗಿರಲಿಲ್ಲ. ಅವ್ವ ಒಣಗಿದ್ದ ಒಂದು ಕಲ್ಲು ಹುಡುಕಿ ಅದರ ಮೇಲೆ ಕೂತು, “ಅಲ್ಲಿ ನೋಡು,” ಎಂದಳು.

ಎದುರಿಗೆ ತೋಟದ ಹಿಂಬದಿ. ಆ ಕಡೆ ಗೋಡೆಯಿಲ್ಲ, ಹೊಳೆಯೇ ಗೋಡೆ. ಮರಗಳಿಂದ ದೀಪಗಳು ಇಳಿಯತೊಡಗಿದ್ದವು. ಮೇಲೆ ಇಳಿಯುವ ಒಂದೊಂದು ದೀಪಕ್ಕೂ ನೀರಿನಲ್ಲಿ ಮೇಲೇರಿ ಬರುವ ಇನ್ನೊಂದು ದೀಪ. ಎರಡೂ ಹತ್ತಿರ ಹತ್ತಿರ ಬಂದು, ನೀರಿನ ಮಟ್ಟದಲ್ಲಿ ಒಂದರ ಕೈ ಒಂದು ಮುಟ್ಟುವಂತೆ ನಿಲ್ಲುತ್ತಿದ್ದವು. ತೋಟದ ಒಳಗಿದ್ದು ನೋಡಿದಾಗ ಇದು ಕಂಡಿರಲಿಲ್ಲ. ಪುಕ್ಕಟೆಯ ಜಾಗಗಳೆಲ್ಲ ನಮಗೆ ಗೊತ್ತು ಎಂದು ನಾನೂ ರೆಹಮತಳೂ ಬೀಗುತ್ತಿದ್ದೆವಲ್ಲ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

“ಟಿಕೆಟಿಗೆ ರೊಕ್ಕ ಇಲ್ಲದವರೆಲ್ಲ ಇಲ್ಲೇ ಕೂಡ್ರತಿದ್ವಿ,” ಎಂದಳು ಅವ್ವ. “ನಾವು ನಾಕು ಮಂದಿ ಹುಡುಗ್ಯಾರು.”

“ಯಾವಾಗ?”

“ನಿನ್ನಷ್ಟs ಇದ್ದೆ. ಟೀಚರ್ ಟ್ರೇನಿಂಗಿಗೆ ನಮ್ಮಪ್ಪ ಕಳಿಸಿದ್ದ. ನಿಮ್ಮ ಅಜ್ಜ ಭಾಳ ಧೈರ್ಯದಾಂವ, ನೀ ನೋಡಿಲ್ಲ ಅವನ್ನ. ಒಂದು ಮಳಿಗಾಲ, ಒಂದು ಚಳಿಗಾಲ ಇದ್ದೆ ಇಲ್ಲಿ. ಆಗೂ ಹಿಂಗs, ಕೈ ಹಿಡದು ಒಳಗ ಹೋಗೂದು, ಸಂತ್ಯಾಗ ಉಳದದ್ದು ತಿನ್ನೂದು. ಹಾಡಿನಮನಿ ಆಗ ಸಣ್ಣದಿತ್ತು. ನಾ ಒಂದ್ಸಲ ಅಲ್ಲಿ ಹಾಡೀನಿ ಕೂಡ.”

ಅವ್ವ ಹಾಡಿದ್ದಳು ಎಂದು ಕೇಳಿ ನನಗೆ ಆಕಾಶ ಕಳಚಿ ಬಿದ್ದಂತಾಯಿತು. ಅವಳು ನನಗೆ ಜೋಗುಳ ಹಾಡಿದ ನೆನಪೂ ಇರಲಿಲ್ಲ.

“ಆಮ್ಯಾಲ?”

“ಆಮ್ಯಾಲ ಏನು. ಅಪ್ಪ ಹೋದ. ನಮ್ಮಣ್ಣ ಬಂದು ನೋಡಿದ, ಹುಡುಗಿ ಸಂಜಿಮುಂದ ಹೊರಗ ತಿರಗತಾಳ ಅಂದ. ಕರ್ಕೊಂಡು ಹೋದ. ಟ್ರೇನಿಂಗ್ ಅರ್ಧಕ್ಕ ನಿಂತ್ತು. ಮದುವಿ ಮಾಡಿದ್ರು. ಈ ಊರಾಗ ಒಬ್ಬಾಕಿನs ಇದ್ದೆ ಅಂತ ಗೊತ್ತಾದ್ರ ಗಂಡಿನ ಕಡ್ಯಾವ್ರು ಒಲ್ಲೆ ಅಂತಾರ, ಬಾಯಿ ಬಿಡಬ್ಯಾಡ ಅಂದ್ರು. ಬಿಡಲಿಲ್ಲ.”

“ಅಪ್ಪಗೂ ಗೊತ್ತಿಲ್ಲ?”

“ಇಲ್ಲ. ಹೇಳಬೇಕು ಅನ್ಕೊಂತ ಅನ್ಕೊಂತ ನೀ ಹುಟ್ಟಿದಿ. ಹೇಳದನs ಇದ್ದದ್ದು ಹೇಳೂದಕ್ಕಿಂತ ದೊಡ್ಡದಾಗಿ ಕುಂತಿತು.”

ಎದುರಿನ ದಂಡೆಯಿಂದ ಜನರ ಮೆಲುಮಾತು ನೀರಿನ ಮೇಲೆ ತೇಲಿ ಬರುತ್ತಿತ್ತು. ನನಗೆ ಮೊದಲು ಬಂದದ್ದು ಸಿಟ್ಟು.

“ಎಲ್ಲಾ ಗೊತ್ತಿದ್ದೂ ನೀನೂ ನನ್ನ ಹಂಗs ಎಳಕೊಂಡು ಹೋಗಾಕ ಬಂದೀಯಲ್ಲವ್ವಾ!”

“ನಾ ಬರದಿದ್ರ ನಿಮ್ಮ ದೊಡ್ಡಪ್ಪ ಬರ್ತಿದ್ದ,” ಎಂದಳು. “ಅದು ಖರೆ. ಆದ್ರ ಗಾಡ್ಯಾಗ ಕುಂತಾಗ ನಿನ್ನ ಕರ್ಕೊಂಡು ಹೋಗೂದs ಚಲೋ ಅಂತನೂ ಅನ್ನಿಸಿತ್ತು. ನೀ ಇಲ್ಲಿದ್ರ ನಂಗ ದಿನಾ ಈ ಊರು ನೆನಪಾಗ್ತೈತಿ. ನೀ ಬರೂತನಕ ಮರತs ಬಿಟ್ಟಿದ್ದೆ ನೋಡು.”

“ಮತ್ತ ಬಾಗಿಲ ಮುಂದ ಯಾಕ ಬಂದಿ? ತೆರಿಯೂದಿಲ್ಲ ಅಂತ ಗೊತ್ತಿತ್ತಲ್ಲ?”

“ನಾನs ಮರತೀನಿ, ಬಾಗಿಲಿಗೇನು ನೆನಪಿರ್ತೈತಿ ಅನ್ಕೊಂಡೆ.” ಹಾಗೆ ಹೇಳುತ್ತ ಅವಳ ದನಿ ಒಡೆಯಿತು. ಅಳುತ್ತಾಳೆಂದು ನಾನು ಹತ್ತಿರ ಸರಿದೆ. ಅವಳು ಅಳುತ್ತಿರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. “ಮಂದಿ ಕಳ್ಳಗಣ್ಣು ಅಂತ ಒದರಾಕತ್ತಿದ್ರು, ನನಗ ಒಳಗs ಖುಷಿ ಆಗಾಕತ್ತಿತ್ತು ನಂದಾ. ಮೊದಲ ಹೆದರಿದೆ. ಆಮ್ಯಾಲ ಅನ್ನಿಸಿತು, ಆ ಹುಡುಗಿ ಇದ್ಲು ಅನ್ನೂದಕ ನನ್ನ ಹತ್ರ ಒಂದು ಫೋಟೋ ಸುದ್ದಾ ಇಲ್ಲ. ಅಪ್ಪ ಇಲ್ಲ, ಗೆಳತ್ಯಾರು ಎಲ್ಲಿ ಅದಾರೋ ಗೊತ್ತಿಲ್ಲ. ಈ ಬಾಗಿಲೊಂದು ಗುರ್ತು ಹಿಡೀತಲ್ಲ.”

ನನಗೂ ನಗು ಬಂತು. ಜೊತೆಗೆ ಅಳುವೂ ಬಂತು. ನಾವಿಬ್ಬರೂ ಒದ್ದೆ ಕಲ್ಲುಗಳ ನಡುವೆ ಹುಚ್ಚರಂತೆ ನಗುತ್ತ ಕೂತೆವು. ನಕ್ಕು ನಕ್ಕು ಸಾಕಾದ ಮೇಲೆ ಅವಳು ಹೊಟ್ಟೆಯಾಳದಿಂದ ಒಂದು ಉಸಿರು ಬಿಟ್ಟಳು. ನೀರು ತುಂಬಿದ ಕೊಡವನ್ನು ದೂರದಿಂದ ಹೊತ್ತು ತಂದು ಕಟ್ಟೆಯ ಮೇಲೆ ಇಳಿಸಿದಾಗ ಬಿಡುತ್ತಾಳಲ್ಲ, ಅಂಥ ಉಸಿರು.

“ಹಸಿವಾಗೇತಿ,” ಎಂದಳು ಆಮೇಲೆ. “ಇರುಳು ಸಂತಿ ಇನ್ನೂ ಐತೇನು?”

ಸಂತೆಯಲ್ಲಿ ರೆಹಮತ್ ಸಿಕ್ಕಳು. ಮೂವರೂ ಒಂದೇ ಕಾಗದದಲ್ಲಿ ಮಿರ್ಚಿ ತಿಂದೆವು. ಅವ್ವ ಅಂಗಡಿಯವನ ಹತ್ತಿರ ಚೌಕಾಶಿ ಮಾಡಿದ ವೈಖರಿ ನೋಡಿ ರೆಹಮತ್ ನನ್ನ ಕಿವಿಯಲ್ಲಿ, “ನಿಮ್ಮಮ್ಮನ್ನ ನಮ್ಮ ಕೋಣೆಯಲ್ಲೇ ಇಟ್ಕೊಳ್ಳೋಣ ಕಣೇ,” ಎಂದಳು. ನಾಳೆಯ ಗಾಡಿಯ ಮಾತನ್ನು ನಾನು ಎತ್ತಲಿಲ್ಲ. ಅವ್ವನೂ ಎತ್ತಲಿಲ್ಲ.

ಮುಂಜಾನೆ ಎದ್ದಾಗ ಅವ್ವ ಸ್ನಾನ ಮಾಡಿ ಸಿದ್ಧವಾಗಿದ್ದಳು. ನನ್ನ ಬಟ್ಟೆಗಳು ಕಪಾಟಿನಲ್ಲೇ ಇದ್ದವು. ಖಾಲಿ ಚೀಲವನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. “ಪ್ಯಾಟಿಯೊಳಗ ದಾರದ ಉಂಡಿ ಅಗ್ಗ ಸಿಗತಾವು. ಒಂದಿಷ್ಟು ತುಂಬಕೊಂಡು ಹೋಗ್ತೀನಿ. ಬರೇ ಚೀಲ ತಗೊಂಡು ಹೋಗಬಾರದು,” ಎಂದಳು.

“ದೊಡ್ಡಪ್ಪಗ ಏನ ಹೇಳ್ತಿ?”

“ಮೊದಲ ನಿಮ್ಮಪ್ಪಗ ಹೇಳ್ತೀನಿ. ಎಲ್ಲಾ.”

ಅವಳನ್ನು ಗಾಡಿ ಹತ್ತಿಸಿ ಬಂದ ಮೇಲೆ ನನಗೆ ಕಳವಳ ಶುರುವಾಯಿತು. ನನ್ನ ಅಪ್ಪ ಸೈಕಲ್ ಅಂಗಡಿಯವನು, ಮಾತು ಕಡಿಮೆ. ಸಿಟ್ಟು ಬಂದರೂ ಬೈಯುವವನಲ್ಲ, ಆದರೆ ಮನಸ್ಸಿಗೆ ಹತ್ತಿದ್ದನ್ನು ಬಿಡುವವನೂ ಅಲ್ಲ. ಪಕ್ಕದ ಅಂಗಡಿಯವನು ಒಮ್ಮೆ ಸುಳ್ಳು ಹೇಳಿದನೆಂದು ಜೀವಮಾನವಿಡೀ ಅವನ ಜೊತೆ ಮಾತು ಬಿಟ್ಟಿದ್ದ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಅವ್ವ ಹೇಳಿದರೆ ಅವನು ಏನು ಮಾಡಿಯಾನು? ನನ್ನಿಂದಾಗಿ ಮನೆ ಒಡೆಯಿತೇ ಎಂದು ಊಟ ಸೇರಲಿಲ್ಲ. ಫೋನು ಮಾಡಿದರೆ ಅವ್ವ, “ಆರಾಮ ಅದೀವಿ, ಓದಕೋ,” ಎಂದಷ್ಟೇ ಹೇಳಿ ಇಡುತ್ತಿದ್ದಳು. ಅಪ್ಪ ಫೋನಿಗೆ ಬರುತ್ತಲೇ ಇರಲಿಲ್ಲ. ಬುಧವಾರದ ಉಪ್ಪಿಟ್ಟಿಗೂ ನಾನು ಹೋಗಲಿಲ್ಲ ಎಂದರೆ ನನ್ನ ಸ್ಥಿತಿ ತಿಳಿಯಬಹುದು. ರೆಹಮತ್ ತನ್ನ ಪಾಲಿನದನ್ನು ಎಲೆಯಲ್ಲಿ ಕಟ್ಟಿಕೊಂಡು ಬಂದು ನನ್ನ ಮುಂದೆ ಇಟ್ಟಳು.

ಪರೀಕ್ಷೆ ಮುಗಿದ ದಿನ ಅವ್ವನೇ ಫೋನು ಮಾಡಿದಳು. “ರವಿವಾರ ಬರಾಕತ್ತೀವಿ.”

“ಬರಾಕತ್ತೀವಿ ಅಂದ್ರ?”

“ನಾನೂ, ನಿಮ್ಮಪ್ಪನೂ.” ಮತ್ತೆ ಇಟ್ಟುಬಿಟ್ಟಳು.

ಈ ಸಲ ಇಬ್ಬರೂ ಬಂದು ಕರೆದೊಯ್ಯುತ್ತಾರೆ ಎಂದುಕೊಂಡೆ. ಅಪ್ಪ ಅಂಗಡಿ ಮುಚ್ಚಿ ಒಂದು ದಿನ ಹೊರಗೆ ಹೋದದ್ದನ್ನು ನಾನು ನೋಡಿರಲಿಲ್ಲ. ಭಾನುವಾರ ಗಾಡಿಗೆ ಎಷ್ಟೋ ಮೊದಲೇ ಸ್ಟೇಷನ್ನಿಗೆ ಹೋಗಿ ನಿಂತಿದ್ದೆ. ಗಾಡಿ ಬಂತು. ಅಪ್ಪ ಇಳಿದ. ಮದುವೆ ಮುಂಜಿಗಷ್ಟೇ ಹಾಕಿಕೊಳ್ಳುವ ಬಿಳಿ ಅಂಗಿ, ಇಸ್ತ್ರಿ ಮಾಡಿದ್ದು. ಮುಖ ಮಾತ್ರ ಗಂಭೀರವಾಗಿತ್ತು. ಹಿಂದೆ ಅವ್ವ. ನಾನು ಬಗ್ಗಿ ಕಾಲು ಮುಟ್ಟಲು ಹೋದರೆ ಅಪ್ಪ ತಡೆದ.

“ಪರೀಕ್ಷಾ ಹೆಂಗಾತು?”

“ಚಲೋ ಆಗೇತಪ್ಪಾ.”

“ಹೂಂ,” ಎಂದ. ಸುತ್ತ ನೋಡಿದ. ಚಹಾದವರು ಆಗಲೇ ಅವನನ್ನು ಕಂಡುಹಿಡಿದಿದ್ದರು. “ಮೊದಲ ಸಲಾನಾ ಯಜಮಾನ್ರೇ?” ಎಂದು ಒಬ್ಬ ಕೈ ಚಾಚಿದ. ಅಪ್ಪ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಹಳ ಗಂಭೀರವಾಗಿ, “ಎರಡೂ ಕೈ ಆಗಲೇ ಮೀಸಲ ಅದಾವ್ರೀ,” ಎಂದ. ಆಮೇಲೆ ನನ್ನ ಕಡೆ ತಿರುಗಿ, “ಮೀನುಮನಿ ಮೊದಲೋ, ಆ ದೀಪದ ತೋಟ ಮೊದಲೋ? ನಿಮ್ಮವ್ವ ತೋಟ ಸಂಜಿಗೆ ಅಂತಾಳ. ನಂಗ ಒಂದೂ ತಿಳಿಯೂದಿಲ್ಲ,” ಎಂದ.

ನಾನು ಅವನ ಬಿಳಿ ಅಂಗಿಗೆ ಮುಖ ಒತ್ತಿ ಅತ್ತೆ. ಅಪ್ಪ ಏನು ಮಾಡಬೇಕೆಂದು ತಿಳಿಯದೆ ಇಸ್ತ್ರಿ ಹಾಳಾಗುತ್ತದೆ ಎಂದ.

ಟ್ರಾಮಿನಲ್ಲಿ ಅವನಿಂದ ಒಂದೊಂದೇ ಮಾತು ಹೊರಡಿಸಿದೆ. ಅವ್ವ ಎಲ್ಲವನ್ನೂ ಹೇಳಿದ ಸಂಜೆ ಅವನು ಅಂಗಡಿಗೆ ಹೋಗಿ, ಯಾರೂ ರಿಪೇರಿಗೆ ಬಿಟ್ಟಿರದ ತನ್ನದೇ ಸೈಕಲ್ಲನ್ನು ಪೂರಾ ಬಿಚ್ಚಿ ಮತ್ತೆ ಜೋಡಿಸಿದನಂತೆ. “ಭಾಳ ಸಿಟ್ಟ ಬಂದಿತ್ತು,” ಎಂದ. “ನನಗ ಹೇಳಲಿಲ್ಲಲ್ಲ ಅಂತ. ಆಮ್ಯಾಲ ನೋಡಿದ್ರ, ಹೇಳಾಕ ನಾ ಒಮ್ಮೆನೂ ಕೇಳಿದ್ದಿಲ್ಲ. ಮದುವಿಗಿಂತ ಮುಂಚೆ ನೀ ಏನ ಮಾಡ್ತಿದ್ದಿ ಅಂತ ಒಂದಿನಾನೂ ಕೇಳಿಲ್ಲ ನಾನು.”

“ದೊಡ್ಡಪ್ಪ?”

“ನಮ್ಮ ಹುಡುಗಿ ಓದಾಕತ್ತೈತಿ, ಓದತೈತಿ ಅಂದೆ. ಒದರಾಡಿದ. ಅಣ್ಣಾ, ಗಾಣದ ಸಾಮಾನು ಸಿಗೂದು ಸ್ಟೇಷನ್ ಮುಂದ, ನೀ ಹಾಡಿನಮನಿ ಓಣ್ಯಾಗ ಏನ ಮಾಡಾಕತ್ತಿದ್ದಿ ಅಂತ ನಾ ಕೇಳೂದಿಲ್ಲ ಬಿಡು, ಅಂದೆ. ಸುಮ್ಮನಾದ.”

ಮುಂದಿನ ಸೀಟಿನಲ್ಲಿ ಕೂತಿದ್ದ ಅವ್ವನ ಭುಜಗಳು ನಗುವಿಗೆ ಕುಲುಕುತ್ತಿದ್ದವು.

ಮೀನುಮನೆಯ ನಿಲ್ದಾಣದಲ್ಲಿ ಇಳಿದೆವು. ಅವ್ವ ಚಪ್ಪಲಿ ಸರಿಮಾಡಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ದಾರಿ ಕೇಳದೆ ಜನರ ನಡುವೆ ಹೊರಟೇಬಿಟ್ಟಳು. ಅಡ್ಡ ಬಂದ ಕೈಗಾಡಿಯನ್ನು ಬಳಸಿಕೊಂಡು, ಹಣ್ಣಿನವಳ ಬುಟ್ಟಿಯನ್ನು ದಾಟಿ, ಮೂಲೆಯಲ್ಲಿ ಒಮ್ಮೆ ತಿರುಗಿ ನೋಡಿ ಬರ್ರಿ ಎಂದು ಕೈ ಬೀಸಿದಳು. ಅಪ್ಪ ಅವಳು ಕಣ್ತಪ್ಪದಂತೆ ನೋಡುತ್ತ, ಬಿಳಿ ಅಂಗಿಯ ತೋಳು ಮಡಿಚಿಕೊಂಡು, ಅರ್ಧ ಓಡುತ್ತ ಅರ್ಧ ನಡೆಯುತ್ತ ನನ್ನ ಕಡೆ ಬಾಗಿ ಹೇಳಿದ:

“ನಿಮ್ಮವ್ವ ಇಷ್ಟ ಜೋರ ನಡೀತಾಳಂತ ನನಗ ಗೊತ್ತs ಇದ್ದಿಲ್ಲ ನೋಡು.”